ಎಣ್ಣೆಗೆ ಹೆಪ್ಪು ಹಾಕುವ ಅಣುಗಳು ಕಡಲು ತಲುಪಲಿ

2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎರಡೇ ಪುಟದ ಸಂಶೋಧನಾ ಪ್ರಬಂಧವೊಂದು ಹೊರಬಂತು. ಬರೆದವರು ರಸಾಯನವಿಜ್ಞಾನಿ ಶಂತನು ಭಟ್ಟಾಚಾರ್ಯ ಮತ್ತು ಆಗ ಅವರ ಬಳಿ ಪಿಎಚ್‌ಡಿ ಮಾಡುತ್ತಿದ್ದ ಯಮುನಾ ಕೃಷ್ಣನ್. ಲಾರಿಕ್ ಆಮ್ಲಕ್ಕೆ ಅಲನಿನ್ ಎಂಬ ಅಮೈನೊ ಆಮ್ಲವನ್ನು ಜೋಡಿಸಿ ಮಾಡಿದ ಪುಟ್ಟ ಅಣುವೊಂದು, ನೀರೂ ಎಣ್ಣೆಯೂ ಕೂಡಿರುವ ಕಡೆ ಎಣ್ಣೆಯನ್ನು ಮಾತ್ರ ಹೆಪ್ಪುಗಟ್ಟಿಸುತ್ತಿತ್ತು. ನೀರು ನೀರಾಗಿಯೇ ಉಳಿಯುತ್ತಿತ್ತು. ಲಾರಿಕ್ ಆಮ್ಲ ಅಪರೂಪದ ಸರಕಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅದೇ. ಅಲನಿನ್ ಎಲ್ಲರ ಮೈಯ ಪ್ರೋಟೀನುಗಳಲ್ಲೂ ಇದೆ. ಇಂಥ ಸರಳ ಸಾಮಗ್ರಿಯಿಂದ ಕಡಲಿಗೆ ಸೋರಿದ ಎಣ್ಣೆಯನ್ನು ಹಿಡಿದು ನಿಲ್ಲಿಸಬಹುದು ಎಂಬ ಸೂಚನೆ ಪ್ರಬಂಧದ ಶೀರ್ಷಿಕೆಯಲ್ಲೇ ಇತ್ತು. ಎಣ್ಣೆ ಮತ್ತು ನೀರಿನ ನಡುವೆ ಎಣ್ಣೆಯನ್ನಷ್ಟೇ ಆರಿಸಿ ಜೆಲ್ ಮಾಡಿದ ಮೊದಲ ವರದಿ ಅದು.

ಅಲ್ಲಿಂದೀಚೆಗೆ ಎರಡು ದಶಕ ದಾಟಿದೆ. ಎಣ್ಣೆ ಸೋರಿದಾಗ ಕಡಲಿಗಿಳಿಯುವ ವಾಡಿಕೆಯ ಸಲಕರಣೆಗಳಲ್ಲಿ ಅಂಥ ಅಣುಗಳಿಗೆ ಇನ್ನೂ ಜಾಗ ಸಿಕ್ಕಿಲ್ಲ.

2017ರ ಜನವರಿ 28ರ ನಸುಕಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನ ಕಾಮರಾಜರ್ ಬಂದರಿನಾಚೆ ಎರಡು ಹಡಗುಗಳು ಡಿಕ್ಕಿ ಹೊಡೆದವು. ಅನಿಲ ಸಾಗಿಸುವ ಬಿಡಬ್ಲ್ಯು ಮೇಪಲ್ ಹೊರಡುತ್ತಿತ್ತು, ಡಾನ್ ಕಾಂಚೀಪುರಂ ಒಳಬರುತ್ತಿತ್ತು. ಒಡೆದ ಟ್ಯಾಂಕಿನಿಂದ ಹರಿದ ಫರ್ನೇಸ್ ಆಯಿಲ್ ದಡದ ಬಂಡೆಗಳಿಗೆ ಮೆತ್ತಿಕೊಂಡಿತು. ಆ ದಿನಗಳ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡಿದವರು ಮರೆತಿರಲಾರರು: ಮೀನುಗಾರರು, ವಿದ್ಯಾರ್ಥಿಗಳು, ಸ್ವಯಂಸೇವಕರು ಸಾಲಾಗಿ ನಿಂತು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕಪ್ಪು ರಾಡಿಯನ್ನು ಮೊಗೆದು ಮೊಗೆದು ಕೈಬದಲಿಸುತ್ತಿದ್ದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಬಂದಾಗ ಅದೇ ಎಣ್ಣೂರಿನ ಹಿನ್ನೀರಿಗೆ ಮತ್ತೆ ಎಣ್ಣೆ ಸೇರಿತು. ಮತ್ತೆ ಬಕೆಟ್. ಮೊಗೆಯುವವರು ಮತ್ತೆ ಮೀನುಗಾರರೇ.

ಇದು ಪೂರ್ವ ಕರಾವಳಿಯ ಪಾಡು ಮಾತ್ರವಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿಯಾಚೆ ಮುಳುಗಿತು. ಅದರ ಟ್ಯಾಂಕುಗಳಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಇತ್ತು. ಎರಡು ವಾರ ಕಳೆಯುತ್ತಿದ್ದಂತೆ ಕೇರಳದ ಉತ್ತರ ತೀರದಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗು ಹೊತ್ತಿ ಉರಿಯಿತು. ಅದರಿಂದ ಪಾರಾದ 18 ನಾವಿಕರನ್ನು ಕರೆತಂದದ್ದು ಮಂಗಳೂರಿಗೆ. ಕಡಲಿನ ಎಣ್ಣೆಗೆ ರಾಜ್ಯದ ಗಡಿ ಗೊತ್ತಿಲ್ಲ. ಬಂಗುಡೆ, ಬೂತಾಯಿ, ಮರುವಾಯಿ ನಂಬಿ ಬದುಕುವ ಕರಾವಳಿಯ ಮನೆಗಳಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ಅಣುಗಳು ಏನು, ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಸಿಕ್ಕಿಕೊಂಡಿವೆ?

ಜೆಲ್ ಎಂದರೆ ಹೆಚ್ಚಿನ ಪಾಲು ದ್ರವವೇ ಇದ್ದರೂ ಹರಿಯದೆ ನಿಲ್ಲುವ ಮೃದು ಪದಾರ್ಥ. ಗುರುತಿಸುವುದು ಸುಲಭ, ವ್ಯಾಖ್ಯಾನಿಸುವುದು ಕಷ್ಟ ಎಂದು ಬ್ರಿಟಿಷ್ ವಿಜ್ಞಾನಿ ಡೊರೊಥಿ ಜೋರ್ಡನ್ ಲಾಯ್ಡ್ 1926ರಲ್ಲೇ ಹೇಳಿದ್ದರು. ಇಂದಿಗೂ ಪ್ರಯೋಗಾಲಯಗಳ ಮೊದಲ ಪರೀಕ್ಷೆ ಬಹಳ ಸರಳ: ಪ್ರನಾಳವನ್ನು ಬೋರಲು ಹಾಕುವುದು. ಒಳಗಿನದು ಕೆಳಗೆ ಬೀಳದಿದ್ದರೆ ಜೆಲ್. ಅಡುಗೆಮನೆಯ ಹಾಲುಬಾಯಿ, ಚೈನಾಗ್ರಾಸ್ ಹಾಕಿ ಮಾಡಿದ ಸಿಹಿತಿಂಡಿ, ಹಣ್ಣಿನ ಜಾಮ್ ಇವೆಲ್ಲ ಜೆಲ್‌ಗಳೇ. ಆದರೆ ಅಲ್ಲಿ ದ್ರವವನ್ನು ಹಿಡಿದಿಡುವುದು ಪಿಷ್ಟ, ಅಗಾರ್, ಪೆಕ್ಟಿನ್‌ನಂಥ ಉದ್ದನೆಯ ಪಾಲಿಮರ್ ಸರಪಳಿಗಳು. ಸಾವಿರಾರು ಕೊಂಡಿಗಳಿರುವ ಸರಪಳಿ ತೊಡರಿಕೊಂಡು ನೀರನ್ನು ಕಟ್ಟಿಹಾಕುವುದರಲ್ಲಿ ಅಚ್ಚರಿ ಕಡಿಮೆ.

ಪುಟ್ಟ ಅಣುಗಳು ಜೆಲ್ ಮಾಡುವುದು ನಿಜವಾದ ಅಚ್ಚರಿ. ಅವುಗಳಲ್ಲಿ ಉದ್ದನೆಯ ಸರಪಳಿ ಇಲ್ಲ. ಹತ್ತಾರೋ ನೂರಾರೋ ಪರಮಾಣುಗಳಿರುವ ಬಿಡಿ ಅಣುಗಳು ಅವು. ಬಿಸಿ ದ್ರಾವಕದಲ್ಲಿ ಕರಗಿ ಚದುರಿರುವ ಈ ಅಣುಗಳು ದ್ರಾವಣ ತಣಿಯುತ್ತಿದ್ದಂತೆ ಒಂದರ ಪಕ್ಕ ಒಂದು ಸೇರತೊಡಗುತ್ತವೆ. ಹೈಡ್ರೋಜನ್ ಬಂಧ, ಚಪ್ಪಟೆ ಉಂಗುರಗಳ ನಡುವಣ ಸೆಳೆತ, ಕೊಬ್ಬಿನ ಬಾಲಗಳ ಒತ್ತಾಸೆ ಇವುಗಳಲ್ಲಿ ಯಾವುದೂ ಗಟ್ಟಿಯಾದ ರಾಸಾಯನಿಕ ಬೆಸುಗೆಯಲ್ಲ. ಆದರೂ ಅಣುಗಳ ಗೊಂಚಲುಗಳು ಎಲ್ಲ ದಿಕ್ಕಿಗೂ ಬೆಳೆಯದೆ ಒಂದೇ ದಿಕ್ಕಿಗೆ ಬೆಳೆದು ಎಳೆಯಾಗುತ್ತವೆ. ಎಳೆಯ ದಪ್ಪ ನ್ಯಾನೊಮೀಟರುಗಳಲ್ಲಿ, ಉದ್ದ ಮೈಕ್ರೊಮೀಟರುಗಳಲ್ಲಿ. ಎಳೆಗಳು ಕವಲೊಡೆದು, ಹೆಣೆದುಕೊಂಡು, ಒಣಗಿದ ತುಪ್ಪದ ಹೀರೆಯೊಳಗಿನ ನಾರಿನಂತೆ ಬಲೆಯಾದಾಗ ದ್ರವ ಆ ಸಂದುಗಳಲ್ಲಿ ಸಿಕ್ಕಿ ನಿಂತುಬಿಡುತ್ತದೆ. ಸುಮಾರು 400 ಅಣುತೂಕದ ಪದಾರ್ಥ ನೂರಕ್ಕೆ ಒಂದು ಪಾಲು ಇದ್ದು ನೀರನ್ನು ಹೆಪ್ಪುಗಟ್ಟಿಸಿದರೆ, ಅದರ ಒಂದೊಂದು ಅಣುವೂ 2,000ಕ್ಕೂ ಹೆಚ್ಚು ನೀರಿನ ಅಣುಗಳನ್ನು ಹಿಡಿದು ನಿಲ್ಲಿಸಿದಂತಾಯಿತು. ಮತ್ತೆ ಬಿಸಿ ಮಾಡಿ, ಎಳೆಗಳು ಬಿಚ್ಚಿಕೊಳ್ಳುತ್ತವೆ, ದ್ರವ ಹರಿಯುತ್ತದೆ. ಕಟ್ಟಿದ್ದನ್ನು ಹೀಗೆ ಬಿಚ್ಚಬಹುದು ಎಂಬುದೇ ಇವುಗಳ ದೊಡ್ಡ ಬಲ.

ಇಂಥ ಜೆಲ್‌ಗಳು ಮನುಷ್ಯನ ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. ಲಿಪೊವಿಟ್ಸ್ ಎಂಬ ವಿಜ್ಞಾನಿ 1841ರಲ್ಲಿ ಲಿಥಿಯಂ ಯೂರೇಟ್ ನೀರನ್ನು ಹೆಪ್ಪುಗಟ್ಟಿಸುವುದನ್ನು ದಾಖಲಿಸಿದ್ದರು. 1891ರಲ್ಲಿ ಫ್ರಾನ್ಸಿನ ಮ್ಯೂನಿಯೆ ಸಾರ್ಬಿಟಾಲ್ ಎಂಬ ಸಕ್ಕರೆ ಮದ್ಯಸಾರದಿಂದ ಡೈಬೆಂಜಿಲಿಡೀನ್ ಸಾರ್ಬಿಟಾಲ್ ತಯಾರಿಸಿದರು. ಅದು ಎಣ್ಣೆಯನ್ನೂ ಹಲವು ಸಾವಯವ ದ್ರಾವಕಗಳನ್ನೂ ಜೆಲ್ ಮಾಡುತ್ತದೆ. ಆ ಕುಟುಂಬದ ಅಣುಗಳು ಇಂದು ಬಹುತೇಕ ಎಲ್ಲರ ಮನೆಯಲ್ಲೂ ಇವೆ. ಪಾಲಿಪ್ರೊಪಿಲೀನ್ ಡಬ್ಬಿಗಳು ಮಬ್ಬಾಗದೆ ಪಾರದರ್ಶಕವಾಗಿ ಕಾಣಲು ಅವನ್ನೇ ಬೆರೆಸುತ್ತಾರೆ. ಕಂಕುಳಿಗೆ ಉಜ್ಜುವ ಡಿಯೋಡರೆಂಟ್ ಕಡ್ಡಿಯಲ್ಲೂ ಅವೇ.

ವಾಹನಗಳ ಬೇರಿಂಗಿಗೆ ಹಾಕುವ ಗ್ರೀಸ್ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಲಿಥಿಯಂ ಗ್ರೀಸ್. ಅದರೊಳಗೆ ಎಣ್ಣೆಯನ್ನು ಹಿಡಿದಿರುವುದು 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲದ ಲಿಥಿಯಂ ಲವಣದ ಎಳೆಗಳು. ಆ ಆಮ್ಲ ಬರುವುದು ಹರಳೆಣ್ಣೆಯಿಂದ, ಜಗತ್ತಿನ ಹರಳು ಬೆಳೆಯಲ್ಲಿ ಮೊದಲ ಸ್ಥಾನ ಭಾರತದ್ದು. ಅದೇ ಆಮ್ಲ ಜಪಾನಿನ ಅಡುಗೆಮನೆಗಳಲ್ಲಿ ಇನ್ನೊಂದು ಕೆಲಸ ಮಾಡುತ್ತಿದೆ. ಟೆಂಪುರಾ ಕರಿದು ಮಿಕ್ಕ ಎಣ್ಣೆಯನ್ನು ಅಲ್ಲಿ ಚರಂಡಿಗೆ ಸುರಿಯುವುದಿಲ್ಲ. ಬಿಸಿ ಎಣ್ಣೆಗೆ ಹರಳೆಣ್ಣೆ ಮೂಲದ ಪುಡಿಯ ಪೊಟ್ಟಣ ಬೆರೆಸುತ್ತಾರೆ, ತಣಿದ ಮೇಲೆ ಅದು ಗಟ್ಟಿ ಬಿಲ್ಲೆಯಾಗುತ್ತದೆ, ಎತ್ತಿ ಕಸದ ಬುಟ್ಟಿಗೆ ಹಾಕುತ್ತಾರೆ. ಬೆಂಗಳೂರಿನ ಒಳಚರಂಡಿಗಳಲ್ಲಿ ಹೋಟೆಲುಗಳ ಜಿಡ್ಡು ಕಟ್ಟಿಕೊಳ್ಳುವುದನ್ನು ಕಂಡವರಿಗೆ ಆ ಪೊಟ್ಟಣದ ಬೆಲೆ ತಿಳಿಯುತ್ತದೆ.

ಈ ಚರಿತ್ರೆಯಲ್ಲಿ ಕರಾಳ ಅಧ್ಯಾಯವೂ ಇದೆ. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿ ಫೀಸರ್ ತಂಡ ನ್ಯಾಫ್ತೆನಿಕ್ ಮತ್ತು ಪಾಮಿಟಿಕ್ ಆಮ್ಲಗಳ ಅಲ್ಯೂಮಿನಿಯಂ ಲವಣಗಳಿಂದ ಪೆಟ್ರೋಲನ್ನು ಜೆಲ್ ಮಾಡಿತು. ಅದೇ ನಾಪಾಮ್. ಸುಮಾರು ಮೂರು ವರ್ಷಗಳಲ್ಲೇ, 1945ರ ಮಾರ್ಚ್ 9-10ರ ರಾತ್ರಿ, ಅದು ಟೋಕಿಯೊ ಮೇಲೆ ಮಳೆಯಂತೆ ಸುರಿಯಿತು. ಸತ್ತವರು ಸುಮಾರು ಒಂದು ಲಕ್ಷ ಎಂಬ ಅಂದಾಜಿದೆ. ಈ ಕ್ರೌರ್ಯವನ್ನು ಇಲ್ಲಿ ನೆನೆಯಲು ಕಾರಣವಿದೆ. ಎಣ್ಣೆಯನ್ನು ಹೆಪ್ಪುಗಟ್ಟಿಸುವ ವಿದ್ಯೆ ಸುಡುವುದಕ್ಕೆ ಬೇಕಾದಾಗ ಪ್ರಯೋಗಾಲಯದ ಗಾಜಿನಿಂದ ಸಾವಿರಾರು ಟನ್ನಿಗೆ ಏರಲು ಸುಮಾರು ಮೂರು ವರ್ಷ ಸಾಕಾಯಿತು. ಕಡಲನ್ನು ತೊಳೆಯುವುದಕ್ಕೆ ಬೇಕಾದಾಗ ಎರಡು ದಶಕ ಸಾಲದೆಹೋಯಿತು. ಎರಡಕ್ಕೂ ಬೇರೆ ಬೇರೆ ಅಣು, ಬೇರೆ ಕಷ್ಟ ಎಂಬುದು ನಿಜ. ಆದರೆ ಹಣ ಮತ್ತು ಮನಸ್ಸಿನ ವ್ಯತ್ಯಾಸವನ್ನು ಅಷ್ಟರಿಂದಲೇ ಮುಚ್ಚಲಾಗದು.

ಭಾರತದ ಪ್ರಯೋಗಾಲಯಗಳು ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ, ಮುಂಚೂಣಿಯಲ್ಲೇ ಇವೆ. ಕೋಲ್ಕತ್ತದ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ಪಾರ್ಥಸಾರಥಿ ದಸ್ತಿದಾರ್, ಅರಿಂದಮ್ ಬ್ಯಾನರ್ಜಿ, ತಿರುವನಂತಪುರದಲ್ಲಿ ಎ. ಅಜಯಘೋಷ್, ಕಾನಾ ಸುರೇಶನ್. ಬೆಂಗಳೂರಿನಲ್ಲಿ, ಭಟ್ಟಾಚಾರ್ಯ ಅವರಿದ್ದ ಅದೇ ವಿಭಾಗದಲ್ಲಿ, ಉದಯ್ ಮೈತ್ರ ಪಿತ್ತಾಮ್ಲಗಳ ಬೆನ್ನು ಹತ್ತಿದರು. ಪಿತ್ತರಸ ಹೊಟ್ಟೆಯೊಳಗೆ ಕೊಬ್ಬನ್ನು ಕರಗಿಸುವ ಕೆಲಸ ಮಾಡುತ್ತದೆ. ಅದರ ಆಮ್ಲಗಳ ಅಣುವಿಗೆ ನೀರನ್ನು ಒಲ್ಲದ ಒಂದು ಮುಖ, ನೀರನ್ನು ಬಯಸುವ ಇನ್ನೊಂದು ಮುಖ. ಹೀಗಿರುವ ಅಣು ಎಳೆ ಕಟ್ಟಲು ಹೇಳಿಮಾಡಿಸಿದಂತಿದೆ.

ಮೈತ್ರ ಅವರ ತಂಡದ ಒಂದು ಕೆಲಸ ವಿಶೇಷ ಮಾತಿಗೆ ಯೋಗ್ಯ. ಸೋಡಿಯಂ ಕೋಲೇಟ್ ಎಂಬ ಪಿತ್ತಲವಣಕ್ಕೆ ಟರ್ಬಿಯಂ ಲೋಹದ ಲವಣ ಸೇರಿಸಿದರೆ ನೀರು ಜೆಲ್ ಆಗುತ್ತದೆ. ಟರ್ಬಿಯಂ ತಾನಾಗಿ ಬೆಳಕನ್ನು ಹೀರುವುದು ಬಹಳ ಕಡಿಮೆ. ಆದರೆ ಡೈಹೈಡ್ರಾಕ್ಸಿನ್ಯಾಫ್ತಲೀನ್ ಎಂಬ ಪದಾರ್ಥ ಅತ್ಯಲ್ಪ ಪ್ರಮಾಣದಲ್ಲಿ ಜೆಲ್‌ನ ಎಳೆಗಳ ನಡುವೆ ಸೇರಿಕೊಂಡರೆ, ಅದು ಅತಿನೇರಳೆ ಕಿರಣವನ್ನು ಹೀರಿ ಶಕ್ತಿಯನ್ನು ಟರ್ಬಿಯಂಗೆ ದಾಟಿಸುತ್ತದೆ. ಜೆಲ್ ಹಸಿರಾಗಿ ಹೊಳೆಯುತ್ತದೆ. ಈಗ ಆ ಪದಾರ್ಥದ ಬಾಯಿಗೆ ಒಂದು ರಾಸಾಯನಿಕ ಮುಚ್ಚಳ ಹಾಕಿ, ಒಂದು ನಿರ್ದಿಷ್ಟ ಕಿಣ್ವ ಮಾತ್ರ ಅದನ್ನು ಕಿತ್ತುಹಾಕುವಂತೆ ಮಾಡಿದರೆ? ಕಿಣ್ವ ಇದ್ದರೆ ಹೊಳಪು, ಇಲ್ಲದಿದ್ದರೆ ಕತ್ತಲೆ. ತಂಡ ಈ ಜೆಲ್ಲನ್ನು ಕಾಗದದ ಸಣ್ಣ ಬಿಲ್ಲೆಗಳ ಮೇಲೆ ಹಚ್ಚಿ ಪರೀಕ್ಷೆಯನ್ನು ಕಾಗದದ ಮೇಲೆಯೇ ನಡೆಸಿತು. ದುಬಾರಿ ಯಂತ್ರ ಬೇಡ, ಅತಿನೇರಳೆ ದೀಪವೊಂದು ಸಾಕು. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದ ಸ್ಥಿತಿ ಬಲ್ಲವರಿಗೆ ಇಂಥದ್ದರ ಅಗತ್ಯ ತಕ್ಷಣ ಅರ್ಥವಾಗುತ್ತದೆ.

ಪುಟ್ಟ ಅಣುಗಳ ಜೆಲ್ ಔಷಧ ಲೋಕದಲ್ಲಿ ದಾರಿಯ ಕೊನೆಯವರೆಗೂ ನಡೆದಿರುವ ಉದಾಹರಣೆ ಇದೆ. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ದವಡೆ, ಕೈಕಾಲು ದಪ್ಪವಾಗುವ ಅಕ್ರೋಮೆಗಲಿ ಕಾಯಿಲೆಗೆ ಲ್ಯಾನ್ರಿಯೊಟೈಡ್ ಎಂಬ ಔಷಧ ಕೊಡುತ್ತಾರೆ. ಎಂಟೇ ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್ ಅದು. ನೀರಿನಲ್ಲಿ ತನ್ನಷ್ಟಕ್ಕೆ ತಾನೇ ಸುಮಾರು 24 ನ್ಯಾನೊಮೀಟರ್ ಅಗಲದ ಕೊಳವೆಗಳಾಗಿ ಜೋಡಿಕೊಂಡು ಜೆಲ್ ಆಗುತ್ತದೆ. ಚರ್ಮದಡಿ ಆಳಕ್ಕೆ ಚುಚ್ಚಿದರೆ ಕೊಳವೆಗಳು ನಿಧಾನಕ್ಕೆ ಕರಗುತ್ತಾ ಔಷಧವನ್ನು ಬಿಡುತ್ತವೆ. ಹಾಗಾಗಿ 28 ದಿನಕ್ಕೊಂದು ಚುಚ್ಚುಮದ್ದು ಸಾಕು. ಇಲ್ಲಿ ಔಷಧವೂ ಅದೇ, ಔಷಧವನ್ನು ಹಿಡಿದಿಡುವ ಜೆಲ್ಲೂ ಅದೇ. ಅಮೆರಿಕದಲ್ಲಿ 2007ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಭಾರತದ ಸಿಪ್ಲಾ ಕಂಪನಿಯ ಲ್ಯಾನ್ರಿಯೊಟೈಡ್‌ಗೂ ಅಲ್ಲಿ ಅನುಮತಿ ದೊರೆಯಿತು.

ಇನ್ನೊಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಬೇರೆ ಇಲಿಯ ಕಾಲನ್ನು ಕಸಿ ಮಾಡಿದ ಇಲಿಗಳಿಗೆ, ಆಹಾರ ತಯಾರಿಕೆಯಲ್ಲಿ ಬಳಸುವ ಟ್ರೈಗ್ಲಿಸರಾಲ್ ಮಾನೊಸ್ಟಿಯರೇಟ್‌ನಿಂದ ಮಾಡಿದ ಜೆಲ್ಲಿನಲ್ಲಿ ಟ್ಯಾಕ್ರೋಲಿಮಸ್ ಔಷಧ ತುಂಬಿ ಒಂದೇ ಸಲ ಚುಚ್ಚಿದರು. ದೇಹ ಕಸಿಯನ್ನು ತಿರಸ್ಕರಿಸಲು ಹೊರಟು ಉರಿಯೂತ ಎದ್ದಾಗ ಅಲ್ಲಿ ಹೆಚ್ಚುವ ಕಿಣ್ವಗಳೇ ಜೆಲ್ಲನ್ನು ಬಿಡಿಸಿ ಔಷಧವನ್ನು ಹೊರಬಿಡುತ್ತವೆ. ಕಸಿ ಮಾಡಿದ ಕಾಲು 100 ದಿನಕ್ಕೂ ಮೀರಿ ಉಳಿಯಿತು. ಆ ತಂಡದಲ್ಲಿದ್ದ ಪ್ರವೀಣ್ ಕುಮಾರ್ ವೇಮುಲ ಈಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿದ್ದಾರೆ. ಅವರ ಹೆಸರು ಈ ಲೇಖನದಲ್ಲಿ ಮತ್ತೆ ಬರುತ್ತದೆ.

ಊಟದ ತಟ್ಟೆಯ ಕಡೆಗೂ ಒಂದು ನೋಟ. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಎಂದು 2022ರ ಜನವರಿಯಿಂದ ಭಾರತದಲ್ಲಿ ಅದಕ್ಕೆ ಶೇ 2ರ ಮಿತಿ ಬಂದಿದೆ. ಬೇಕರಿಯವರಿಗೆ ಗಟ್ಟಿ ಕೊಬ್ಬು ಬೇಕೇಬೇಕು. ಎಣ್ಣೆಯನ್ನು ರಾಸಾಯನಿಕವಾಗಿ ಬದಲಿಸದೆ ಜೆಲ್ ಮಾಡಿ ಗಟ್ಟಿಯಾಗಿಸುವ ದಾರಿಯೊಂದಿದೆ: ಸಸ್ಯಗಳ ಸಿಟೊಸ್ಟೆರಾಲ್ ಮತ್ತು ಅಕ್ಕಿ ತೌಡಿನ ಎಣ್ಣೆಯ ಒರೈಜನಾಲ್ ಎರಡನ್ನೂ ಕೂಡಿಸಿದರೆ ಅವು ಎಣ್ಣೆಯಲ್ಲಿ ಕೊಳವೆಗಳಾಗಿ ಹೆಣೆದುಕೊಂಡು ಗಟ್ಟಿ ಜೆಲ್ ಕೊಡುತ್ತವೆ. ಭತ್ತದ ಗಿರಣಿಗಳಿರುವ ಗಂಗಾವತಿ, ಸಿಂಧನೂರು, ದಾವಣಗೆರೆ ಕಡೆಯವರು ತೌಡನ್ನು ಈ ಕಣ್ಣಿನಿಂದಲೂ ನೋಡಬಹುದು.

ಮತ್ತೆ ಕಡಲಿನ ಎಣ್ಣೆಗೆ ಬರೋಣ. ಅಣು ಸಿಕ್ಕ ಮೇಲೂ ಅದು ಕಡಲಿಗೆ ಇಳಿಯದಿರಲು ನಿಜವಾದ ಅಡ್ಡಿಗಳಿವೆ. ಅವನ್ನು ಬದಿಗೆ ಸರಿಸಿ ಸರ್ಕಾರವನ್ನಷ್ಟೇ ದೂರುವುದು ನ್ಯಾಯವಲ್ಲ.

ಮೊದಲನೆಯದು, ಟೆಂಪುರಾ ಎಣ್ಣೆಯನ್ನು ಕಾಯಿಸಬಹುದು, ಸಮುದ್ರವನ್ನು ಕಾಯಿಸಲಾಗದು. ತಣ್ಣಗಿರುವ ಎಣ್ಣೆಯೊಳಗೆ ಪುಡಿ ಕರಗಿ ಎಳೆ ಕಟ್ಟಬೇಕು. ಹಾಗಾಗಿ ಹಲವು ತಂಡಗಳು ಅಣುವನ್ನು ಬೇರೊಂದು ದ್ರಾವಕದಲ್ಲಿ ಕರಗಿಸಿ ಸುರಿದವು. ಆದರೆ ಎಣ್ಣೆ ತೆಗೆಯಲು ಹೋಗಿ ಸಮುದ್ರಕ್ಕೆ ಇನ್ನೊಂದು ದ್ರಾವಕ ಸೇರಿಸಿದಂತಾಗುತ್ತದೆ. 2010ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಜಾರ್ಜ್ ಜಾನ್ ತಂಡ ಮ್ಯಾನಿಟಾಲ್, ಸಾರ್ಬಿಟಾಲ್ ಎಂಬ ಸಕ್ಕರೆ ಮದ್ಯಸಾರಗಳಿಗೆ ಕೊಬ್ಬಿನ ಬಾಲ ಅಂಟಿಸಿ ಡೀಸೆಲ್ಲನ್ನು ನೀರಿನ ಮೇಲಿಂದ ಜೆಲ್ ಮಾಡಿ ಎತ್ತಿತು. ಬಟ್ಟಿ ಇಳಿಸಿ ಡೀಸೆಲ್ಲನ್ನೂ ಮರಳಿ ಪಡೆಯಿತು, ಅಣುವನ್ನೂ ಮರಳಿ ಬಳಸಿತು. ಆ ತಂಡದಲ್ಲೂ ವೇಮುಲ ಇದ್ದರು. ದ್ರಾವಕದ ತೊಡಕನ್ನು ಬಿಡಿಸಲು ತಿರುವನಂತಪುರದ ಐಸರ್‌ ಸಂಸ್ಥೆಯ ಸುರೇಶನ್ ತಂಡ 2017ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು: ಮ್ಯಾನಿಟಾಲ್ ಮೂಲದ ಅಣುವನ್ನು ಸೆಲ್ಯುಲೋಸ್ ತಿರುಳಿಗೆ ಹತ್ತಿಸಿ ಹರಳಿನಂತೆ ಎರಚುವಂತೆ ಮಾಡಿತು. ಹರಳು ತೇಲುತ್ತದೆ, ಎಣ್ಣೆಯನ್ನು ಹೀರುತ್ತದೆ, ಹೀರಿದ ಎಣ್ಣೆ ಒಳಗೇ ಹೆಪ್ಪುಗಟ್ಟುತ್ತದೆ, ಜಾಲರಿಯಿಂದ ಎತ್ತಬಹುದು. ಎಣ್ಣೆ ಹಿಡಿಯುವ ಮೀನುಬಲೆ ಎಂದರೆ ಇದೇ.

ಎರಡನೆಯ ಅಡ್ಡಿ ಎಣ್ಣೆಯದೇ. ಪ್ರಯೋಗಾಲಯದ ಡೀಸೆಲ್ ಶುದ್ಧ, ಕಚ್ಚಾತೈಲ ನೂರಾರು ಪದಾರ್ಥಗಳ ಕಲಸು. ಮೇಣ, ಆಸ್ಫಾಲ್ಟೀನ್‌ಗಳು ಎಳೆಗಳ ಬೆಳವಣಿಗೆಗೆ ಅಡ್ಡ ಬರಬಹುದು. ಎಣ್ಣೂರಿನಲ್ಲಿ ಸೋರಿದ ಫರ್ನೇಸ್ ಆಯಿಲ್ ಮೊದಲೇ ಅಂಟು ರಾಡಿ. ಅದನ್ನು ಇನ್ನಷ್ಟು ಗಟ್ಟಿ ಮಾಡುವುದರಿಂದ ಆಗುವ ಲಾಭ ಕಡಿಮೆ. ತೆಳ್ಳಗೆ ಪದರವಾಗಿ ಹರಡಿ ಓಡುವ ಡೀಸೆಲ್, ಹಗುರ ಕಚ್ಚಾತೈಲಗಳ ಮುಂದೆಯೇ ಈ ಅಣುಗಳ ಕೈಚಳಕ ಕಾಣುವುದು. ಎಲ್ಸಾ 3ರ ಡೀಸೆಲ್ಲಿಗೆ ಒಗ್ಗಬಹುದಾದ ಅಣು ಅದೇ ಹಡಗಿನ ಫರ್ನೇಸ್ ಆಯಿಲ್‌ಗೆ ಒಗ್ಗದೆ ಹೋಗಬಹುದು.

ಮೂರನೆಯದು ಲೆಕ್ಕದ ಮಾತು. ಎಣ್ಣೆಯ ತೂಕದ ನೂರಕ್ಕೆ ಒಂದರಿಂದ ಐದು ಪಾಲು ಪುಡಿ ಬೇಕು ಎಂದುಕೊಂಡರೂ, ಆ 84 ಟನ್ ಡೀಸೆಲ್ಲಿಗೆ 800 ಕಿಲೋದಿಂದ 4,000 ಕಿಲೋಗೂ ಮೀರಿದ ಪುಡಿ ಬೇಕು. ಒಬ್ಬ ಸಂಶೋಧನಾ ವಿದ್ಯಾರ್ಥಿ ಒಂದು ಸಲಕ್ಕೆ ಮಾಡುವುದು ಗ್ರಾಮುಗಳಲ್ಲಿ. ಈ ಗ್ರಾಮು ಮತ್ತು ಟನ್ನಿನ ನಡುವಣ ಕಂದರದಲ್ಲೇ ಬೆಂಗಳೂರಿನ, ತಿರುವನಂತಪುರದ ಅಣುಗಳು ಸಿಕ್ಕಿಕೊಂಡಿರುವುದು. ನೂರು ಕಿಲೋ ಪುಡಿ ಅಗ್ಗವಾಗಿ ಮಾಡುವ ಬಗೆ ಕಂಡುಹಿಡಿದರೆ ಅದಕ್ಕೆ ದೊಡ್ಡ ನಿಯತಕಾಲಿಕೆಯಲ್ಲಿ ಪ್ರಬಂಧ ಬರುವುದಿಲ್ಲ. ಪ್ರಬಂಧ ಬರದಿದ್ದರೆ ವಿದ್ಯಾರ್ಥಿಗೆ ಪದವಿ ಬರುವುದಿಲ್ಲ. ಕೊಳ್ಳುವವರು ಯಾರೆಂದು ಗೊತ್ತಿಲ್ಲದ ಸರಕಿಗೆ ಕಂಪನಿಯೂ ಹಣ ಹಾಕುವುದಿಲ್ಲ. ಇಬ್ಬರೂ ತಮ್ಮ ಮಟ್ಟಿಗೆ ಸರಿಯೇ. ನಡುವಿನ ಆ ಕೆಲಸ ಸರ್ಕಾರದ್ದು, ಅದನ್ನು ಸರ್ಕಾರ ಮಾಡಲೇಬೇಕು.

ಬದಲಿ ದಾರಿಯ ಬೆಲೆಯನ್ನೂ ನೋಡಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ಕೊರೆಯುವ ವೇದಿಕೆ ಸಿಡಿದು 11 ಕಾರ್ಮಿಕರು ಸತ್ತರು, ಎಣ್ಣೆ 87 ದಿನ ಉಕ್ಕಿತು. ಅದನ್ನು ಚದುರಿಸಲು ಸುರಿದ ರಾಸಾಯನಿಕ ಸುಮಾರು 70 ಲಕ್ಷ ಲೀಟರ್. ಚದುರಿಸುವುದೆಂದರೆ ತೆಗೆಯುವುದಲ್ಲ. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಬೆರೆಸುವುದು, ಮೇಲಿನಿಂದ ಕಾಣದಂತೆ ಮಾಡುವುದು. ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಸುಲಭವಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಆದರೆ ಅಲ್ಲಿಯವರೆಗೆ ಅದು ಮೀನಿನ ಮರಿಗಳು ಈಜುವ ನೀರಿನಲ್ಲೇ ಇರುತ್ತದೆ. ಎಣ್ಣೆಯನ್ನು ಹಿಡಿದು ಎತ್ತುವ ಯಾವುದೇ ವಿದ್ಯೆ ಇದಕ್ಕಿಂತ ಮೇಲು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಉಳ್ಳದ್ದು. ಬಂಡೆಯೊಳಗೆ ಕೊರೆದ ದೇಶದ ತುರ್ತು ತೈಲ ಸಂಗ್ರಹಾಗಾರಗಳಲ್ಲಿ ಮಂಗಳೂರಿನದು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿಗೆ 2021ರಲ್ಲೇ ಕೇಂದ್ರ ಸಂಪುಟ ಒಪ್ಪಿದೆ. ಅಷ್ಟು ತೈಲ ಬರುವುದು 300 ಕಿಲೋಮೀಟರಿಗೂ ಮೀರಿದ ಈ ಕರಾವಳಿಯ ಎದುರಿನ ಕಡಲಿನಿಂದಲೇ.

ಇನ್ನೊಂದು ಕಡೆ ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಲೆಗಳನ್ನು ಎಬ್ಬಿಸಿ ಪರೀಕ್ಷೆ ಮಾಡುವ 50 ಮೀಟರ್ ಉದ್ದದ ಕಾಲುವೆ ಇದೆ. ಅದು ತಡೆಗೋಡೆಗಳ ಅಧ್ಯಯನಕ್ಕೆ ಕಟ್ಟಿದ್ದು, ಎಣ್ಣೆ ಸುರಿಯಲು ಅಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಓಮ್‌ಸೆಟ್ ಎಂಬ ಸರ್ಕಾರಿ ಕೇಂದ್ರವಿದೆ. 203 ಮೀಟರ್ ಉದ್ದ, 20 ಮೀಟರ್ ಅಗಲದ ಉಪ್ಪುನೀರಿನ ತೊಟ್ಟಿಯಲ್ಲಿ ನಿಜವಾದ ಕಚ್ಚಾತೈಲ ಸುರಿದು, ಅಲೆ ಎಬ್ಬಿಸಿ, ಎಣ್ಣೆ ಎತ್ತುವ ಸಾಧನಗಳನ್ನು ಪರೀಕ್ಷಿಸುತ್ತಾರೆ. ಅಷ್ಟು ದೊಡ್ಡದು ಬೇಡ. ಅದರ ಕಾಲು ಭಾಗದ್ದೊಂದು ಸುರತ್ಕಲ್ ಅಥವಾ ಪಣಂಬೂರಿನಲ್ಲಿ ಕಟ್ಟಿದರೆ ತೈಲಾಗಾರ, ಬಂದರು, ಎಂಜಿನಿಯರಿಂಗ್ ಕಾಲೇಜು, ಮೀನುಗಾರಿಕೆ ಕಾಲೇಜು ಎಲ್ಲವೂ ಒಂದೇ ಊರಿನ ಸುತ್ತ ಸಿಗುತ್ತವೆ. ಪುಡಿ ಎರಚುವುದು ದೋಣಿಯಿಂದಲೋ ಡ್ರೋನ್‌ನಿಂದಲೋ, ಅಲೆಗೆ ಜೆಲ್ ಒಡೆಯುತ್ತದೋ ಇಲ್ಲವೋ, ಬೂತಾಯಿಯ ಮರಿಗೆ ಅದು ವಿಷವೋ ಅಲ್ಲವೋ ಎಂಬುದೆಲ್ಲ ಅಲ್ಲಿಯೇ ಗೊತ್ತಾಗಬೇಕು, ಅಪಘಾತದ ದಿನ ಅಲ್ಲ.

ಪ್ರಯೋಗಾಲಯದಿಂದ ಬಯಲಿಗೆ ಬರುವುದು ಈ ದೇಶದಲ್ಲಿ ಆಗದ ಕೆಲಸ ಎನ್ನುವವರು ವೇಮುಲ ಅವರ ಮುಂದಿನ ಕೆಲಸ ನೋಡಬೇಕು. ಕೀಟನಾಶಕ ಸಿಂಪಡಿಸುವ ರೈತರ ಮೈಗೆ ವಿಷ ಇಳಿಯದಂತೆ ತಡೆಯುವ ಚರ್ಮಲೇಪದ ಪ್ರಯೋಗವನ್ನು ಅವರ ತಂಡ 2018ರಲ್ಲಿ ಪ್ರಕಟಿಸಿತು. ಅದು ಪಾಲಿಮರ್ ಜೆಲ್; ಇಲ್ಲಿ ಹೇಳುತ್ತಿರುವ ಪುಟ್ಟ ಅಣುಗಳ ಜಾತಿಯದಲ್ಲ. ಅದೇ ವಿಚಾರ ಬೆಳೆದು ಬಟ್ಟೆಯಾಗಿ, ಸೆಪಿಯೊ ಹೆಲ್ತ್ ಎಂಬ ಕಂಪನಿಯ ಜತೆಗೂಡಿ, 2024ರ ಡಿಸೆಂಬರಿನಲ್ಲಿ 'ಕಿಸಾನ್ ಕವಚ್' ಎಂಬ ಉಡುಪಾಗಿ ಹೊರಬಂತು. ಬೆಲೆ ಸುಮಾರು 4,000 ರೂಪಾಯಿ. ಕೂಲಿಯವರಿಗೆ ಇನ್ನೂ ದುಬಾರಿ. ಆದರೂ ಆರು ವರ್ಷದಲ್ಲಿ ಗಾಜಿನ ಬೀಕರಿನಿಂದ ಹೊಲದವರೆಗೆ ಬಂತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆ, ಒಂದು ಕಂಪನಿ, ಕಣ್ಣೆದುರು ಕಾಣುವ ಬಳಕೆದಾರ ಮೂವರೂ ಕೂಡಿದ್ದರಿಂದ ಬಂತು.

ಕಡಲಿನ ಎಣ್ಣೆಗೂ ಬಳಕೆದಾರ ಇದ್ದಾನೆ. 1996ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯ ಹೊಣೆ ಕರಾವಳಿ ಕಾವಲು ಪಡೆಯದು. ಪ್ರಯೋಗದ ಮಟ್ಟದಲ್ಲಿ ಒಂದೆರಡು ಟನ್ ಪುಡಿ ಕೊಳ್ಳುತ್ತೇವೆ, ಇಂತಿಂಥ ಗುಣಗಳಿರಬೇಕು ಎಂದು ಪಡೆ ಮತ್ತು ತೈಲ ಕಂಪನಿಗಳು ಸೇರಿ ಬರೆದುಕೊಟ್ಟರೆ, ಪುಡಿ ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ. ಭಾರತ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64ರಷ್ಟು (2020-21ರ ಲೆಕ್ಕ). 2023ರಲ್ಲಿ ಕಾಯಿದೆಯಾಗಿ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಉದ್ಯಮವನ್ನೂ ಪ್ರಯೋಗಾಲಯವನ್ನೂ ಬೆಸೆಯುವ ಮಾತನ್ನಾಡುತ್ತಿದೆ. ಆ ಮಾತಿಗೆ ಇಂಥ ಕೆಲಸಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು.

ವಿಜ್ಞಾನಿಗಳ ಕಡೆಯಿಂದಲೂ ಒಂದು ಬೇಡಿಕೆ ಈಡೇರಬೇಕು. ಯಾವ ಅಣು ಯಾವ ದ್ರವವನ್ನು ಹೆಪ್ಪುಗಟ್ಟಿಸುತ್ತದೆ ಎಂದು ಮೊದಲೇ ಹೇಳುವುದು ಇಂದಿಗೂ ಕಠಿಣ. ಹರಳು ಬರಲೆಂದು ಕಾದವರಿಗೆ ಜೆಲ್ ಸಿಕ್ಕದ್ದೇ ಈ ಕ್ಷೇತ್ರದ ಅನೇಕ ಶೋಧಗಳ ಹಿನ್ನೆಲೆ. ಸ್ಕಾಟ್ಲೆಂಡಿನ ತಂಡವೊಂದು 2015ರಲ್ಲಿ ಮೂರು ಅಮೈನೊ ಆಮ್ಲಗಳ 8,000 ಜೋಡಣೆಗಳನ್ನೂ ಕಂಪ್ಯೂಟರಿನಲ್ಲಿ ಜರಡಿ ಹಿಡಿದು ಜೆಲ್ ಆಗುವ ಕೆಲವನ್ನು ಹೆಕ್ಕಿತು. ನೀರಿನ ಮಟ್ಟಿಗೆ ಅದು ದೊಡ್ಡ ಮುನ್ನಡೆ. ಕಚ್ಚಾತೈಲದ ಮಟ್ಟಿಗೆ ಅಂಥ ಜರಡಿ ಬೇಕಾದರೆ ಸೋತ ಪ್ರಯೋಗಗಳ ಫಲಿತಾಂಶವೂ ಬೇಕು. ಯಾವ ಅಣು ಡೀಸೆಲ್ಲಿನಲ್ಲಿ ಗೆದ್ದು ಅರಬ್ ಹಗುರ ಕಚ್ಚಾತೈಲದಲ್ಲಿ ಸೋತಿತು, ಯಾವುದರ ಜೆಲ್ ಎರಡನೆಯ ದಿನ ಹರಳುಗಟ್ಟಿ ಎಣ್ಣೆ ಬಿಟ್ಟುಕೊಟ್ಟಿತು, ಯಾವುದು ಉಪ್ಪುನೀರಿನಲ್ಲಿ ಕೆಟ್ಟಿತು ಎಂಬ ಟಿಪ್ಪಣಿಗಳು ಈಗ ಬೆಂಗಳೂರು, ಕೋಲ್ಕತ್ತ, ತಿರುವನಂತಪುರಗಳ ಪ್ರಯೋಗಾಲಯ ಪುಸ್ತಕಗಳಲ್ಲೇ ಉಳಿದುಬಿಡುತ್ತವೆ. ಸಾರ್ವಜನಿಕ ಹಣದಿಂದ ನಡೆದ ಕೆಲಸದ ಈ ಭಾಗವನ್ನೂ ಒಂದೆಡೆ ಸೇರಿಸಿ ತೆರೆದಿಡುವಂತೆ ಅನುದಾನದ ಷರತ್ತಿನಲ್ಲೇ ಬರೆಯಬಹುದು. ಪಣಂಬೂರಿನ ತೊಟ್ಟಿಗೆ ಮೊದಲು ಯಾವ ನಾಲ್ಕು ಪುಡಿಗಳು ಇಳಿಯಬೇಕು ಎಂಬುದನ್ನು ಆ ಪಟ್ಟಿ ನೋಡಿಯೇ ತೀರ್ಮಾನಿಸಬೇಕಾಗುತ್ತದೆ.